ಕೋಳಿಯ ಸಾಲಿಗೂ ಸೀಲು ಬಿತ್ತು

ಗೆಳೆಯರೇ, ಇವತ್ತು ಘಟ್ಟದ ಕೆಳಗಿನ ತೆರಿಗೆ ಆಫೀಸಿನಲ್ಲಿ ನಾನು ಗೆದ್ದೆ!

ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯ ಮೇಷ್ಟ್ರಾದ ನಾನು ಬಿಡುವಿದ್ದಾಗ, ಕನ್ನಡವಷ್ಟೇ ಬಲ್ಲ ಜನರಿಗೆ ತಮಿಳಿನಲ್ಲಿ ಅರ್ಜಿ ಬರೆದುಕೊಡುತ್ತೇನೆ. ದುಡ್ಡಿಲ್ಲದವರು ರಾಗಿಯನ್ನೋ ಮನೆಯಲ್ಲಿರುವ ಇನ್ನೇನನ್ನೋ ಕೊಡುತ್ತಾರೆ. ಅದು ಲಂಚವೆಂದು ಯಾರೋ ಮೂಗರ್ಜಿ ಹಾಕಿದ್ದರು. ಸರಿ, ಈ ಸಲ ಎಲ್ಲವನ್ನೂ ಆದಾಯವೆಂದೇ ಫಾರಂನಲ್ಲಿ ಬರೆದೆ. ಐವತ್ತೆಂಟು ರೂಪಾಯಿ, ನಾಲ್ಕು ಸೇರು ರಾಗಿ, ಒಂದು ಕೋಳಿ.

ಗುಮಾಸ್ತ ಗೊಳ್ಳೆಂದು ನಕ್ಕ. "ಕೋಳಿಯನ್ನ ಅಳಿಸಿ ಸಾರ್. ಅದಕ್ಕೆ ಸಾಕ್ಷಿ ಎಲ್ಲಿದೆ?"

ಸಾಕ್ಷಿ ಹೇಳಲೆಂದೇ ಜೊತೆಗೆ ಬಂದಿದ್ದ ತಿಗನಾರೆಯ ಮಾದಮ್ಮ ಬುಟ್ಟಿಯನ್ನು ಅವನ ಮೇಜಿನ ಮೇಲೆ ಇಟ್ಟಳು. ಕೋಳಿ ಕತ್ತು ಹೊರಗೆ ಹಾಕಿತು.

"ಇದೇ ಕಣ್ ಸ್ವಾಮಿ. ಆನೆ ನಮ್ ಒಲ ತುಳ್ದುಬುಡ್ತು, ಮೇಷ್ಟ್ರು ಅರ್ಜಿ ಬರ್ಕೊಟ್ರು, ನಾನು ಕೋಳಿ ಕೊಟ್ಟೆ. ಕಳೆ ಕಿತ್ರೆ ನಂಗೆ ರಾಗಿ ಕೊಡಲ್ವಾ? ಇದೂ ಅಂಗೇ. ಲಂಚ ಅಲ್ಲ, ಕೂಲಿ!"

ಗಲಾಟೆಗೆ ಅಧಿಕಾರಿಯೇ ಹೊರಬಂದರು. ಇಷ್ಟಕ್ಕೆಲ್ಲ ತೆರಿಗೆಯೇ ಇಲ್ಲವೆಂದು ನಗುತ್ತಾ, ಕೋಳಿಯ ಸಾಲಿನ ಪಕ್ಕದಲ್ಲೇ ಸೀಲು ಹೊಡೆಸಿದರು.

ಮೂಗರ್ಜಿ ಬರೆದ ಮಹಾಶಯರೇ, ಆ ಫಾರಂನ ನಕಲನ್ನು ಸ್ಕೂಲಿನ ಬಾಗಿಲಿಗೆ ಅಂಟಿಸಿದ್ದೇನೆ, ಓದಿಕೊಳ್ಳಿ. ವಾಪಸ್ ಬರುವಾಗ ದಿಂಬಂ ಘಟ್ಟದ ತಿರುವಿನಲ್ಲಿ ಕೋಳಿ ಬಸ್ಸಿನೊಳಗೇ ಮೊಟ್ಟೆ ಇಟ್ಟಿತು. ಅದನ್ನು ಮುಂದಿನ ವರ್ಷದ ಫಾರಂನಲ್ಲಿ ತೋರಿಸುತ್ತೇನೆ.