ಕಿಟಕಿ ಇಲ್ಲದ ಬೀರು

ನನ್ನ ಗಂಡ ಹಾರ್ಮೆನ್ ತೀರಿಕೊಂಡು ಒಂದು ಚಳಿಗಾಲ ಕಳೆಯಿತು. ದೊಡ್ಡ ಮನುಷ್ಯನೇನಲ್ಲ, ಬಡಗಿ. ನಮ್ಮೂರು ಹೋರ್ನ್ ಬಂದರಿನ ಹಳೇ ವರ್ತಕರ ಮನೆಗಳಲ್ಲಿ ಮೆಟ್ಟಿಲು ಏಣಿಯಷ್ಟೇ ಅಗಲ. ಮಂಚವಾಗಲಿ ಮೇಜಾಗಲಿ, ಸೂರಿನಿಂದ ಬೀದಿಗೆ ಚಾಚಿದ ತೊಲೆಗೆ ಹಗ್ಗ ಹಾಕಿ ಕಿಟಕಿಯಿಂದಲೇ ಏರಿಸಬೇಕು, ಇಳಿಸಬೇಕು. ಆ ಹಗ್ಗ ಎಳೆದೇ ಅವನ ಆಯುಷ್ಯ ಸವೆಯಿತು. ಕಾಫಿಗೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುವ ಊರು ನಮ್ಮದು. ಮುಚ್ಚುವ ಮುಂಚೆ ಎರಡನೆಯದಕ್ಕೆ ಕೈ ಹಾಕುವವನು ಅವನೊಬ್ಬನೇ.

ಅವನ ಕೊನೆಯ ಕೆಲಸ ಅಂಥದೇ ಒಂದು ಮನೆಯದು, ಯಜಮಾನ ಮೈಂಡರ್ಟ್. ಮಹಡಿಯ ಕೋಣೆಯಲ್ಲಿ ಓಕ್ ಮರದ ದೊಡ್ಡ ಬೀರು. ಅದನ್ನು ಮೇಲೇರಿಸಿದವನು ಹಾರ್ಮೆನ್‌ನ ಅಜ್ಜ. ಅದು ಆ ಮನೆ ಬಿಡಬಾರದೆಂದು ಇವನ ಹಟ. ಕೋಣೆಯನ್ನು ಹೊಸದು ಮಾಡಲು ಬಂದಿದ್ದ ಫೆನ್ನಾಳಿಗೆ ಬಿಳಿ ಗೋಡೆ, ಉಕ್ಕಿನ ದೀಪ, ಬಾಗಿಸಿದ ಪ್ಲೈವುಡ್ಡಿನ ಕುರ್ಚಿ ಬೇಕಿತ್ತು. ಬೀರು ಬೇಡವಾಗಿತ್ತು. ಮೈಂಡರ್ಟನೂ ಅವಳ ಕಡೆ.

"ಅಜ್ಜನ ಪಕ್ಕ ಮೊಮ್ಮಗಳು ಕೂತ್ರೆ ಏನಮ್ಮ ಕೆಟ್ಟೋಗುತ್ತೆ?" ಬೀರು, ಕುರ್ಚಿ ಎರಡನ್ನೂ ತೋರಿಸಿ ಅಂದ ಇವನು.

"ನಿಮ್ಮಜ್ಜ ಬೆಳಕೆಲ್ಲಾ ತಿಂದ್ಬಿಡ್ತಾನೆ, ಹಾರ್ಮೆನ್."

ಹಳೇ ಕಿಟಕಿಯ ಸಂದಿಯಿಂದ ಗಾಳಿ ನುಗ್ಗುತ್ತದೆಂದು ಮೈಂಡರ್ಟ್ ದೊಡ್ಡ ಗಾಜಿನ ಹೊಸ ಕಿಟಕಿ ತರಿಸಿದ್ದ. ಹಾರ್ಮೆನ್ ಅದನ್ನು ಕೂರಿಸಿದ. ಬೀರು ಇಳಿಸುವ ದಿನ ನಾನೂ ಬೀದಿಯಲ್ಲಿ ನಿಂತಿದ್ದೆ. ತೊಲೆಗೆ ಹಗ್ಗ ಬಿತ್ತು.

"ಕಿಟಕಿ ತೆಗಿಯೋ!" ಎಂದು ಮೈಂಡರ್ಟ್ ಕೂಗಿದ.

"ಇದು ತೆಗಿಯೋ ಕಿಟಕಿ ಅಲ್ಲ, ಗಾಜು ಚೌಕಟ್ಟಿಗೇ ಕೂತಿದೆ," ಅಂದ ಹಾರ್ಮೆನ್.

"ಥೂ ನಿನ್ನ! ಹಗ್ಗದೋನೇ ಹಗ್ಗದ ದಾರಿ ಮುಚ್ಚಿದ್ಯಲ್ಲೋ!"

ಎಲ್ಲರೂ ಮಹಡಿ ಹತ್ತಿದೆವು. ಗರಗಸ ಹಾಕಿ ತುಂಡು ಮಾಡೆಂದ ಮೈಂಡರ್ಟ್. ಹಾರ್ಮೆನ್ ಗರಗಸವನ್ನು ಅವನ ಕೈಗೇ ಕೊಟ್ಟ.

"ಮೊದಲ್ನೇ ಎಳೆತ ನೀನೇ ಎಳಿ. ನಿನ್ನ ಬೀರು."

ಮೈಂಡರ್ಟ್ ಗರಗಸ ಹಿಡಿದು ನಿಂತೇ ಇದ್ದ. ಅಷ್ಟರಲ್ಲಿ ಫೆನ್ನಾ, ಗರಗಸ ಆಡಲು ಬೀರುವಿನ ಮುಂದೆ ಜಾಗ ಬಿಡಲೆಂದು ತನ್ನ ಕುರ್ಚಿಯನ್ನು ಅದರ ಪಕ್ಕಕ್ಕೆ ಸರಿಸಿದಳು. ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. ಹೊಸ ಗಾಜಿನಿಂದ ಬಿಸಿಲು ನೇರ ಓಕ್ ಮರದ ಮೇಲೆ ಬಿದ್ದಿತ್ತು.

"ತಡೀರಿ," ಅಂದಳು. "ಹೀಗೇ ಇರ್ಲಿ. ದೀಪ ಒಂದು ಆ ಕಡೆ ಹಾಕ್ತೀನಿ."

ಮನೆಗೆ ಬಂದ ಮೇಲೆ ಕೇಳಿದೆ, "ನಿಜ ಹೇಳು, ಬೀರು ಇಳಿಸ್ಬೇಕು ಅನ್ನೋದು ಮರ್ತೇ ಆ ಕಿಟಕಿ ಕೂರಿಸಿದ್ಯಾ?"

"ಕಾಫಿ ಆರ್ತಿದೆ ಕಣೇ," ಅಂದು ಡಬ್ಬಿಗೆ ಕೈ ಹಾಕಿದ.

ಮೊನ್ನೆ ಮೈಂಡರ್ಟ್ ಕರೆದಿದ್ದ. ಆ ಕುರ್ಚಿಯಲ್ಲಿ ಕೂತೆ. ನೋಡಲು ಬರೀ ಹಲಗೆ, ಬೆನ್ನಿಗೆ ಹಿತ. ಪಕ್ಕದ ಬೀರುವಿಗೆ ಭುಜ ಒರಗಿಸಿದೆ, ಅದು ಅಲುಗಲಿಲ್ಲ. ಅವನು ಕಾಫಿ ತಂದ. ಬಿಸ್ಕತ್ತಿನ ಡಬ್ಬಿಯನ್ನು ಮುಚ್ಚದೆ ಎದುರಿಗಿಟ್ಟ.

ನಾನು ಒಂದೇ ತೆಗೆದುಕೊಂಡೆ. ಎರಡನೆಯದು ಹಾರ್ಮೆನ್‌ನದು.