ಬ್ಯಾಂಕ್ ಹಿಡಿದವರು

ನಮ್ಮ ಮನೆಯಲ್ಲಿ ಶುಕ್ರವಾರಕ್ಕೆ ಒಂದು ಕ್ರಮವಿತ್ತು. ತಲೆಸ್ನಾನ, ಮಸ್ಕತ್ತಿನ ದಾರ್ಸೈಟ್ ಬಡಾವಣೆಯ ದೇವಸ್ಥಾನ, ಮನೆಗೆ ಬಂದು ಊಟ, ಪಾತ್ರೆ ತೊಳೆದು ಒರೆಸಿಟ್ಟ ಮೇಲೆ ಆಟ. ಕ್ರಮ ನಾನು ಮಾಡಿದ್ದು. ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವಳು ನಾನು. ಮಸ್ಕತ್ತಿಗೆ ಬಂದ ಮೇಲೆ ಸಿಕ್ಕಿದ್ದೂ ಶಾಲೆಯೊಂದರ ಆಫೀಸಿನಲ್ಲಿ ಟೈಮ್‌ಟೇಬಲ್ ಮಾಡುವ ಕೆಲಸ. ಆಟ ಮಾತ್ರ ನಮ್ಮ ಯಜಮಾನರದು.

ಆಟ ತುಂಬ ಸುಲಭ. ಬಟ್ಟೆಯ ಮೇಲೆ ಆರು ಚಿತ್ರ: ಮೀನು, ಆನೆ, ಸೂರ್ಯ, ಕಮಲ, ಕೊಡೆ, ದೀಪ. ಮೂರು ಮರದ ದಾಳ, ಅವುಗಳ ಆರು ಮುಖಗಳಲ್ಲಿಯೂ ಅದೇ ಆರು ಚಿತ್ರ. ದಾಳಗಳನ್ನು ಅವರು ತಮ್ಮ ಕಂಪನಿಯ ವರ್ಕ್‌ಶಾಪಿನಲ್ಲಿ ತಾವೇ ಕೂತು ಮಾಡಿದ್ದರು. ದುಡ್ಡಿನ ಮಾತೇ ಇಲ್ಲ, ಆ ದೇಶದಲ್ಲಿ ಜೂಜು ನಿಷಿದ್ಧ. ನಾವು ಹುಣಸೆಬೀಜ ಇಟ್ಟು ಆಡುತ್ತಿದ್ದೆವು. ನಾನು ಮೀನಿನ ಮೇಲೆ ಒಂದು ಬೀಜ ಇಟ್ಟಿದ್ದು, ಒಂದು ದಾಳದಲ್ಲಿ ಮೀನು ಬಿದ್ದರೆ ನನ್ನ ಬೀಜದ ಜೊತೆ ಇನ್ನೊಂದು ಬರುತ್ತದೆ. ಎರಡು ದಾಳದಲ್ಲಿ ಬಿದ್ದರೆ ಎರಡು, ಮೂರರಲ್ಲೂ ಬಿದ್ದರೆ ಮೂರು. ಮೀನು ಬೀಳದೇ ಹೋದರೆ ನನ್ನ ಬೀಜ ಬ್ಯಾಂಕಿಗೆ. ಬ್ಯಾಂಕ್ ಹಿಡಿಯುವುದು ಎಂದರೆ ದಾಳ ಉರುಳಿಸಿ, ಸೋತವರ ಬೀಜ ಎಳೆದುಕೊಂಡು, ಗೆದ್ದವರಿಗೆ ಎಣಿಸಿ ಕೊಡುವುದು. ಅದು ಯಾವಾಗಲೂ ಅವರದೇ ಕೆಲಸ, ಬ್ಯಾಂಕಿನ ಬೀಜವೇ ಅವರ ಬೀಜ.

"ನೀ ವಾರೆಲ್ಲಾ ಆಫೀಸಿನಾಗ ಎಣಿಸಿ ಎಣಿಸಿ ದಣದಿರತಿ. ನೀ ಸುಮ್ಮನ ಆಡು, ಎಣಿಸೋ ತ್ರಾಸು ನನಗಿರಲಿ" ಎನ್ನುತ್ತಿದ್ದರು. ಹುಬ್ಬಳ್ಳಿ-ಧಾರವಾಡ ಕಡೆಯವರ ಮಾತಿನ ಆ ಹಿತಕ್ಕೆ ನಾನು ಮದುವೆಯಾದಾಗಿನಿಂದ ಸೋತವಳು.

ಆಟದಿಂದ ನಾವು ತೀರ್ಮಾನಿಸುತ್ತಿದ್ದ ದೊಡ್ಡ ವಿಷಯ ಒಂದೇ. ವರ್ಷದ ರಜೆಯಲ್ಲಿ ಮೊದಲು ಯಾರ ಊರಿಗೆ ಹೋಗುವುದು? ಅವರದು ಧಾರವಾಡದಲ್ಲಿ ಅಣ್ಣತಮ್ಮಂದಿರ ತುಂಬು ಮನೆ. ನನ್ನದು ಉಡುಪಿ ಹತ್ತಿರ. ಅಮ್ಮ ಅಲ್ಲಿ ನನ್ನ ತಮ್ಮನ ಸಂಸಾರದ ಜೊತೆಗಿದ್ದರು. ಮೊದಲು ಹೋದ ಊರೇ ರಜೆಯ ಬಹುಪಾಲನ್ನು ತಿಂದುಬಿಡುತ್ತಿತ್ತು. ಮದುವೆ, ಗೃಹಪ್ರವೇಶ, ಯಾರದೋ ಜ್ವರ, ಹೀಗೆ ಒಂದಲ್ಲ ಒಂದು. ಎರಡನೆಯ ಊರಿಗೆ ಉಳಿಯುತ್ತಿದ್ದದ್ದು ಸೂಟ್‌ಕೇಸ್ ಪೂರ್ತಿ ಬಿಚ್ಚಲೂ ಸಾಲದಷ್ಟು ಸಮಯ.

ಹೊಸದಾಗಿ ಮದುವೆಯಾದಾಗ ಇದಕ್ಕೆ ಜಗಳವಾಗುತ್ತಿತ್ತು. ಆಮೇಲೆ ಅವರೇ ದಾರಿ ಹುಡುಕಿದರು. "ಜಗಳ ಯಾಕ? ಆಡೋಣು. ಇಬ್ಬರಿಗೂ ಸಮಾ ಬೀಜ. ಯಾರವು ಖಲಾಸ್ ಆದವೋ ಅವರು ಸೋತಂಗ. ಸೋತವರು ಆಮ್ಯಾಲೆ ಕೇಳಂಗಿಲ್ಲ, ಅಳಂಗಿಲ್ಲ." ಒಬ್ಬರ ಬೀಜ ಪೂರ್ತಿ ಮುಗಿಯುವವರೆಗೂ ಆಟ ನಿಲ್ಲಿಸಬಾರದು ಎನ್ನುವುದು ಅವರ ನಿಯಮ. ಹಿಡಿದ ಕೆಲಸ ಅರ್ಧಕ್ಕೆ ಬಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ನಿಯಮವನ್ನು ನಾನು ಮನಸಾರೆ ಮೆಚ್ಚಿದ್ದೆ.

ಮಧ್ಯದಲ್ಲಿ ನಾನು ಮುಂದಿರುತ್ತಿದ್ದೆ, ಎಷ್ಟೋ ಸಲ. ಕೊನೆಗೆ ಸೋಲುತ್ತಿದ್ದೆ. ಕೆಲವು ವರ್ಷ ಗೆದ್ದದ್ದೂ ಉಂಟು. ಆ ಕೆಲವು ವರ್ಷಗಳಿಂದಾಗಿಯೇ ನನಗೆ ಎಂದೂ ಸಂಶಯ ಬರಲಿಲ್ಲ.

"ಈ ವರ್ಷವೂ ಮೊದಲು ಅಲ್ಲಿಗಾ?" ಎಂದು ಅಮ್ಮ ಫೋನಿನಲ್ಲಿ ಕೇಳುತ್ತಿದ್ದರು.

"ಆಟದಲ್ಲಿ ಸೋತೆ ಅಮ್ಮ."

"ನಿನಗೆ ಸೋಲುವುದು ಬಿಟ್ಟು ಬೇರೆ ಕೆಲಸ ಇಲ್ವಾ? ಅಳಿಯನಿಗೆ ಹೇಳು, ಒಂದು ಸಲ ನನ್ನ ಜೊತೆ ಆಡಲಿ ಅಂತ!" ಎಂದು ನಗುತ್ತಿದ್ದರು. ಅವರ ಸೊಂಟದ ಆಪರೇಷನ್ ಆದ ವರ್ಷವೂ ನಾನು ಸೋತೆ. ಧಾರವಾಡದಲ್ಲಿ ಮೈದುನನ ಹೆಂಡತಿಯ ಸೀಮಂತ ಮುಗಿಸಿ ಉಡುಪಿಗೆ ತಲುಪುವಾಗ ಅಮ್ಮ ಕೋಲು ಹಿಡಿದು ಬಾಗಿಲಿಗೆ ಬಂದಿದ್ದರು. ಆಸ್ಪತ್ರೆಯಲ್ಲಿ ಅವರ ಪಕ್ಕದಲ್ಲಿ ಮಲಗಿದವಳು ನನ್ನ ತಮ್ಮನ ಹೆಂಡತಿ. ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ. ನನ್ನ ಅದೃಷ್ಟ ಸರಿ ಇಲ್ಲ ಎಂದುಕೊಂಡೆ. ಈಗ ಅಮ್ಮ ಇಲ್ಲ.

ಈ ವರ್ಷ ಯಜಮಾನರ ಕಾಂಟ್ರಾಕ್ಟ್ ಮುಗಿಯಿತು. ವೀಸಾ ರದ್ದಾಗುವ ಮೊದಲು ಊರಿಗೆ ಮರಳಬೇಕು, ಇನ್ನು ಇರುವಷ್ಟು ಕಾಲ ಅಲ್ಲಿಯೇ. ಯಾವ ಊರು? ನನಗೆ ಸಮುದ್ರದ ಬದಿ ಬೇಕು, ನನ್ನ ಕಡೆಯ ಮಾತು ಬೇಕು. ಅವರಿಗೆ ಧಾರವಾಡ.

"ಇಬ್ರಿಯಿಂದ ಬರತೀನಿ, ಬಂದ ಮ್ಯಾಲೆ ಶುಕ್ರವಾರ ಆಡಿ ತೀರ್ಮಾನ ಮಾಡಿಬಿಡೋಣು" ಎಂದರು. ದೂರದ ಇಬ್ರಿ ಊರಿನಲ್ಲಿದ್ದ ಕಂಪನಿಯ ಸೈಟನ್ನು ಹೊಸಬರಿಗೆ ಒಪ್ಪಿಸಿ ಬರಲು ಹೊರಟಿದ್ದರು. ನಾನು ಒಪ್ಪಿದೆ. ಯಾವ ಮಾತನ್ನಾದರೂ ಒಪ್ಪಿಕೊಂಡ ಮೇಲೆ ನಡೆಸುವವಳು ನಾನು.

ಅವರು ಇಬ್ರಿಯಲ್ಲಿದ್ದಾಗಲೇ ನಮ್ಮ ಕನ್ನಡದವರ ಪಿಕ್ನಿಕ್ ಬಂತು. ಮಸ್ಕತ್ತಿನದೇ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ಬೇರೆ ಮನೆ ಮಾಡಿಕೊಂಡಿರುವ ನಮ್ಮ ಮಗಳು ಅದರ ಉಸ್ತುವಾರಿ ವಹಿಸಿದ್ದಳು. "ಅಮ್ಮಾ, ಅಪ್ಪನ ದಾಳದ ಆಟ ಒಂದು ಸ್ಟಾಲ್ ಹಾಕಿ. ಟೋಕನ್ ಇಟ್ಟು ಆಡಲಿ, ಗೆದ್ದವರಿಗೆ ಚಾಕ್ಲೇಟು, ಪೆನ್ನು. ಅಪ್ಪ ಇಲ್ವಲ್ಲ, ನೀವೇ ಬ್ಯಾಂಕ್ ಹಿಡಿಯಿರಿ." ಹೀಗೆ ನಾನು ಜೀವನದಲ್ಲಿ ಮೊದಲ ಸಲ ಬಟ್ಟೆಯ ಆಚೆ ಬದಿಗೆ ಕೂತೆ.

ಪಾರ್ಕಿನ ಬೇವಿನ ಮರದ ಕೆಳಗೆ ಜನ ಮುತ್ತಿದರು. ನನ್ನ ಮುಂದಿನ ಬುಟ್ಟಿ ತುಂಬತೊಡಗಿತು. ಟೋಕನ್ನುಗಳನ್ನು ವಾಪಸ್ ಹಂಚಿದೆ, ಮತ್ತೆ ತುಂಬಿತು. ಮೊದಲು ಮುಜುಗರವಾಯಿತು, ಆಮೇಲೆ ಆಶ್ಚರ್ಯ. ದಾಳ ಸರಿಯಾಗಿತ್ತು, ನಾನು ಮೋಸ ಮಾಡಿರಲಿಲ್ಲ.

ಆಗ ಆರು ಮಂದಿ ಬಂದು ಆರು ಚಿತ್ರದ ಮೇಲೂ ಒಂದೊಂದು ಟೋಕನ್ ಇಟ್ಟರು. ದಾಳ ಉರುಳಿಸಿದೆ. ಮೂರು ಬೇರೆ ಬೇರೆ ಚಿತ್ರ ಬಿತ್ತು. ಮೂವರಿಂದ ತೆಗೆದುಕೊಂಡೆ, ಮೂವರಿಗೆ ಕೊಟ್ಟೆ, ಸರಿಗೆ ಸರಿ. ಮತ್ತೆ ಉರುಳಿಸಿದೆ. ಎರಡು ಆನೆ, ಒಂದು ಕೊಡೆ. "ಡಬಲ್! ಡಬಲ್!" ಎಂದು ಆನೆಯವರು ಕೈ ಎತ್ತಿ ಕುಣಿದರು. ಆನೆಗೆ ಎರಡು, ಕೊಡೆಗೆ ಒಂದು, ಒಟ್ಟು ಮೂರು ಕೊಟ್ಟೆ. ಆದರೆ ಸೋತವರು ನಾಲ್ಕು ಮಂದಿ. ನಾಲ್ಕು ತೆಗೆದುಕೊಂಡೆ. ಒಂದು ನನ್ನ ಹತ್ತಿರ ಉಳಿಯಿತು. ಮೂರೂ ದಾಳದಲ್ಲಿ ಒಂದೇ ಚಿತ್ರ ಬಿದ್ದರೆ ಐದು ತೆಗೆದುಕೊಂಡು ಮೂರು ಕೊಡಬೇಕು, ಎರಡು ಉಳಿಯುತ್ತದೆ. ಆರೂ ಚಿತ್ರ ತುಂಬಿದ್ದರೆ ಬ್ಯಾಂಕ್ ಸೋಲುವ ದಾರಿಯೇ ಇಲ್ಲ. ಒಂದೆರಡೇ ಚಿತ್ರದ ಮೇಲೆ ಇಟ್ಟು ಆಡುವಾಗ ಅದೃಷ್ಟ ಆಚೀಚೆ ಹೊರಳಬಹುದು. ಆದರೆ ತುಂಬ ಹೊತ್ತು ಆಡಿದರೆ ಎಲ್ಲ ಬೀಜ ಕೊನೆಗೆ ಬಂದು ಸೇರುವುದು ಒಂದೇ ಕಡೆಗೆ. ಡಬಲ್ ಬಿದ್ದಾಗ ನಾನು ಎಷ್ಟು ಸಲ ಚಪ್ಪಾಳೆ ತಟ್ಟಿದ್ದೆ!

ಸಂಜೆ ಸಾಮಾನು ಕಟ್ಟುವಾಗ ಮಗಳಿಗೆ ಹೇಳಿದೆ. ಅವಳು ಸಲೀಸಾಗಿ, "ಅದಕ್ಕೆ ಹೌಸ್ ಎಡ್ಜ್ ಅಂತಾರೆ ಅಮ್ಮಾ, ಆಡಿಸುವವರ ಕಡೆಗೆ ಉಳಿಯೋ ಲಾಭ. ಕ್ಯಾಸಿನೋದವರು ಮೋಸ ಮಾಡ್ಬೇಕು ಅಂತಲೇ ಇಲ್ಲ. ರೂಲೇ ಹಾಗಿರ್ತದೆ. ನೀವು ಎಷ್ಟು ಹೊತ್ತು ಕೂತಿರ್ತೀರೋ ಅಷ್ಟು ಅವರಿಗೆ ಒಳ್ಳೆಯದು" ಎಂದಳು.

"ನಿನ್ನ ಅಪ್ಪನಿಗೆ ಇದು ಗೊತ್ತುಂಟಾ?"

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. "ಅಪ್ಪ ಇಂಜಿನಿಯರ್ ಅಲ್ವಾ ಅಮ್ಮಾ..." ಎಂದವಳು ಮತ್ತೆ ಮಡಚತೊಡಗಿದಳು.

ಗೊತ್ತಿರಲಿಕ್ಕಿಲ್ಲ ಎಂದು ವಾರವಿಡೀ ನನಗೆ ನಾನೇ ಹೇಳಿಕೊಂಡೆ. ಗೊತ್ತಿಲ್ಲದೆ ಆಗಿದ್ದರೆ ಅದು ಬರೀ ಆಟ. ಅವರು ಇಬ್ರಿಯಿಂದ ಬಂದರು, ಶುಕ್ರವಾರವೂ ಬಂತು. ಸ್ನಾನ, ದೇವಸ್ಥಾನ, ಊಟ, ಪಾತ್ರೆ, ಎಲ್ಲ ಕ್ರಮದಂತೆ ಮುಗಿಸಿದೆ. ಅವರು ಬಟ್ಟೆ ಹಾಸಿದರು.

"ಇವತ್ತು ಬ್ಯಾಂಕ್ ನಾನು ಹಿಡಿಯುತ್ತೇನೆ" ಎಂದೆ.

"ಯಾಕ? ಸುಮ್ಮನ ತ್ರಾಸು."

"ಎಂತ ತ್ರಾಸು? ಪಿಕ್ನಿಕ್‌ನಲ್ಲಿ ಇಡೀ ದಿನ ನಾನೇ ಹಿಡಿದದ್ದು."

ಅವರು ದಾಳದ ಡಬ್ಬಿಯನ್ನು ಕೈಯಲ್ಲೇ ಇಟ್ಟುಕೊಂಡರು. "ನೀನಽ ಹಿಡದಿದ್ದೆ ಏನು?"

"ಹೌದು. ಯಾರು ಹಿಡಿದರೂ ಒಂದೇ ಅಲ್ವಾ?"

"ಒಂದಽ ಅದ..."

"ಹಾಗಾದರೆ ಕೊಡಿ."

ಕೊಡಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ಬದಿಗಿಟ್ಟರು. "ಆಟ ಬ್ಯಾಡ ಬಿಡು. ಇಷ್ಟು ದೊಡ್ಡ ವಿಷಯ ಆಟದಾಗ ಮುಗಸೋದು ಸರಿ ಅಲ್ಲ. ಕೂತು ಮಾತಾಡೋಣು."

ಇಷ್ಟು ವರ್ಷಗಳಲ್ಲಿ ಅವರು ಕೂತು ಮಾತಾಡೋಣ ಎಂದದ್ದು ಇದೇ ಮೊದಲು. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಯಾವಾಗಿನಿಂದ ಗೊತ್ತು ನಿಮಗೆ?"

"ಮೊದಲ ಗೊತ್ತಿರಲಿಲ್ಲ. ಆಮ್ಯಾಲೆ..." ಕನ್ನಡಕ ತೆಗೆದು ಒರೆಸಿದರು. "ನೀ ಖುಷೀಲೆ ಆಡತಿದ್ದಿ. ಡಬಲ್ ಬಿದ್ರ ಕುಣೀತಿದ್ದಿ. ಯಾಕ ಕೆಡಸಬೇಕು ಅಂತ ಬಿಟ್ಟೆ."

"ಅಮ್ಮನ ಆಪರೇಷನ್ ವರ್ಷ? ಆಗಲೂ ನನ್ನ ಖುಷಿಗೇ ಆಡಿದ್ದಾ?"

"ಒಂದು ಮಾತು ಕೇಳಿದ್ರ ನಾ ಬಿಟ್ಟುಕೊಡತಿದ್ದೆ."

"ಸೋತವರು ಕೇಳಬಾರದು ಎಂದು ಹೇಳಿದವರು ಯಾರು?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ನಾನು ಎದ್ದು ಚಹಾ ಮಾಡಿದೆ. ಚಹಾದ ಹೊತ್ತಾಗಿತ್ತು. ಎರಡು ಕಪ್ ಮಾಡಿದೆ, ನನ್ನದನ್ನು ಅಡುಗೆಮನೆಯಲ್ಲೇ ನಿಂತು ಕುಡಿದೆ. ಬೇರೆ ಗಂಡಸರು ಕುಡಿಯುತ್ತಾರೆ, ಕೈ ಎತ್ತುತ್ತಾರೆ. ನನ್ನವರು ಏರು ದನಿಯಲ್ಲಿ ಮಾತಾಡಿದವರೂ ಅಲ್ಲ ಎಂದು ಗೆಳತಿಯರ ಮುಂದೆ ಹೇಳಿಕೊಂಡವಳು ನಾನು. ದನಿ ಏರಿಸುವ ಅಗತ್ಯವೇ ಅವರಿಗೆ ಬಿದ್ದಿರಲಿಲ್ಲ.

ಮಾರನೆಯ ದಿನ ಸಾಮಾನು ಕಳಿಸುವ ಕಾರ್ಗೋದವನನ್ನು ರೂವಿ ಪೇಟೆಯಿಂದ ಕರೆಸಿದೆ. ಅವನು ಪೆಟ್ಟಿಗೆಗಳನ್ನು ಅಳೆದು, "ಮೇಡಂ, ಅಡ್ರೆಸ್?" ಎಂದ. ಉಡುಪಿಯ ತಮ್ಮನ ವಿಳಾಸ ಹೇಳಿದೆ.

"ಸಾಬ್ ಕಾ ಭೀ ಯಹೀ?" ಸಾಹೇಬರದ್ದೂ ಇದೇ ವಿಳಾಸವಾ ಎಂದು ಕೇಳಿದ.

"ಉನ್ಸೇ ಪೂಛೋ" ಎಂದೆ, ಅವರನ್ನೇ ಕೇಳಲಿ.

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಕಾರ್ಗೋದವನ ಮುಖ ನೋಡಿದರು, ನನ್ನ ಮುಖ ನೋಡಿದರು. "ಹಾಂ, ಯಹೀ ಲಿಖೋ" ಎಂದು ಅದೇ ವಿಳಾಸ ಬರೆಯಲು ಹೇಳಿದರು.

ನನಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಅವನು ಪೆಟ್ಟಿಗೆಗಳ ಮೇಲೆ ಒಂದೊಂದಾಗಿ ವಿಳಾಸ ಬರೆಯುತ್ತಿರುವಾಗ ನನಗೆ ಖುಷಿಯಾಗಲಿಲ್ಲ. ಇವರು ಇಷ್ಟು ಸುಲಭವಾಗಿ ಒಪ್ಪಿದ್ದು ಯಾಕೆ, ಇದರಲ್ಲಿ ಇವರ ಕಡೆಗೆ ಉಳಿಯುವುದು ಏನು ಎಂದು ಹುಡುಕುತ್ತಾ ನಿಂತೆ. ಇನ್ನು ಮುಂದೆ ಉಡುಪಿಯಲ್ಲಿಯೂ ಅವರು ಒಂದೊಂದು ಒಳ್ಳೆಯ ಮಾತಾಡಿದಾಗಲೂ ನಾನು ಹೀಗೆಯೇ ನಿಲ್ಲುತ್ತೇನೆ.