ತಲೆಯ ಮೇಲೆ ಎರಡು ಬೆರಳು

ನಮ್ಮ ಬಿಸಿನೆಸ್ ಜೆಟ್ ಬಸವನ ಬಾಗೇವಾಡಿಯ ಒಂದು ಹಳೆಯ ಹತ್ತಿ ಗೋದಾಮಿನಲ್ಲಿ ಹುಟ್ಟಬೇಕಿತ್ತು. ಬಾಡಿಗೆ ಕಡಿಮೆ, ಮೇಲಾಗಿ ಅದು ನಮ್ಮ ಸಾಹೇಬರ ಊರು. ಎಂಟು ಜನ ಕೂರುವ ವಿಮಾನ. ಅದರ ಒಡಲನ್ನು ವಿನ್ಯಾಸ ಮಾಡುವ ಕೆಲಸ ನನ್ನದು. ತೂಕ ಮಿತಿ ಮೀರಿತ್ತು. ಮೊದಲ ಗಿರಾಕಿ ಒಪ್ಪದಿದ್ದರೆ ಗೋದಾಮಿಗೆ ಬೀಗ, ನಾವೆಲ್ಲ ಬೀದಿಗೆ.

ಒಡಲನ್ನು ಸಣ್ಣದು ಮಾಡಿದರೆ ತೂಕ ಇಳಿಯುತ್ತದೆ, ಆದರೆ ಒಳಗೆ ನಿಂತವರ ತಲೆ ಚಾವಣಿಗೆ ತಾಗಬಾರದು. ಎಷ್ಟು ತಗ್ಗಿಸಬಹುದೆಂದು ನೋಡಲು ಅಳತೆಗೆ ಸರಿಯಾಗಿ ಪ್ಲೈವುಡ್ಡಿನ ಕ್ಯಾಬಿನ್ ಕಟ್ಟಿದೆವು. ಸಾಹೇಬರು ಗೊಳಸಂಗಿಯಿಂದ ತಮ್ಮ ಉದ್ದಾನುದ್ದ ಬೀಗರನ್ನೆಲ್ಲ ಕರೆಸಿ ಒಳಗೆ ನಡೆದಾಡಿಸಿದರು. ಎಲ್ಲರ ತಲೆಯ ಮೇಲೂ ಎರಡು ಬೆರಳು ಜಾಗ ಉಳಿಯಿತು. ಸಾಹೇಬರ ಮುಖ ಅರಳಿತು. ನಾನು ಹೊರಗೆ ಬಂದು ನೋಡಿದರೆ ಮೆಟ್ಟಿಲ ಬಳಿ ಚಪ್ಪಲಿ, ಬೂಟುಗಳ ಸಾಲು. ಹೊಸ ಜಮಖಾನೆ ಹಾಸಿದ್ದೆವಲ್ಲ, ಒಬ್ಬರೂ ಮೆಟ್ಟಿಕೊಂಡು ಹತ್ತಿರಲಿಲ್ಲ. ಉಳಿದ ಆ ಎರಡು ಬೆರಳು ಬರಿಗಾಲಿನ ಲೆಕ್ಕವಾಗಿತ್ತು.

ಬೂಟು ಹಾಕಿಕೊಂಡು ಇನ್ನೊಮ್ಮೆ ಬನ್ನಿ ಎಂದು ಕೈಮುಗಿದೆ. ಅವರಲ್ಲಿ ಹಿರಿಯರೊಬ್ಬರು ನಾನು ಆಡಬಾರದ ಮಾತು ಆಡಿದಂತೆ ನೋಡಿದರು.

"ಹಾಸಿದ್ರ ಮ್ಯಾಲ ಕಾಲ್ಮರಿ ಹಾಕ್ಕೊಂಡ ಹೆಂಗ ಬರೂದು, ತಂಗಿ?"

ಬೂಟಿನ ಅಟ್ಟೆಯ ದಪ್ಪವನ್ನಾದರೂ ಲೆಕ್ಕಕ್ಕೆ ಹಿಡಿಯಿರಿ ಎಂದು ಸಾಹೇಬರನ್ನು ಗೋಗರೆದೆ. ತೂಕ ತೂಕ ಎಂದು ತಲೆ ತಿಂದವಳೂ ನೀನೇ, ಈಗ ಅಡ್ಡಗಾಲು ಹಾಕುವವಳೂ ನೀನೇ ಎಂದರು. ಹಾಗೆನ್ನುವಾಗ ಅವರೂ ಬರಿಗಾಲಲ್ಲೇ ನಿಂತಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಟ್ಟು ಮಾತ್ರ ನೆತ್ತಿಗೇರಿತು. ಕೊನೆಗೆ ಆ ಅಳತೆಯೇ ಗಟ್ಟಿಯಾಯಿತು. ನಕ್ಷೆಯಲ್ಲಿ ರೆಕ್ಕೆ, ಬಾಲ, ಇಂಜಿನ್ನು, ಎಲ್ಲವನ್ನೂ ಅದರ ಸುತ್ತಲೇ ಹೊಂದಿಸಿದೆವು.

ಗಿರಾಕಿ ಬಂದದ್ದು ಮಳೆಗಾಲ ಮುಗಿದ ಮೇಲೆ. ಎತ್ತರದ ಆಳು, ದಪ್ಪ ಅಟ್ಟೆಯ ಬೂಟು. ಬಿಚ್ಚದೆ ಸೀದಾ ಪ್ಲೈವುಡ್ಡಿನ ಕ್ಯಾಬಿನ್ ಹತ್ತಿದರು. ಒಮ್ಮೆ ತಲೆ ಬಡಿಯಿತು. ಆಮೇಲೆ ಕೊನೆಯ ಸೀಟಿನವರೆಗೂ ಕತ್ತು ತಗ್ಗಿಸಿಕೊಂಡೇ ನಡೆದರು. ಸೀಟು ಚೆನ್ನಾಗಿದೆ ಎಂದರು, ಚಹಾ ಕುಡಿದರು, ಕಾರು ಹತ್ತಿ ವಿಜಯಪುರದ ಕಡೆ ಹೋದರು. ಕೊಳ್ಳುವ ಮಾತನ್ನೇ ಎತ್ತಲಿಲ್ಲ.

ಸಾಹೇಬರು ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕುಸಿದು ಕೂತರು. ನನ್ನನ್ನು ಕೇಳಿದರು.

"ಈಗ ಎತ್ತರ ಹೆಚ್ಚ ಮಾಡಾಕ ಬರ್ತೈತೇನವಾ?"

ಗೋದಾಮಿನಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. ಹೌದು ಎನ್ನಲು ಬಾಯಿ ತೆರೆದೆ.

"ಬರೂದಿಲ್ರಿ," ಎಂದೆ. "ಎಲ್ಲಾ ಅದರ ಮ್ಯಾಲ ನಿಂತೈತ್ರಿ."